ಕಲ್ಲಿನ ಬಾಯಿಗೊಂದು ಹಿಡಿ

ಅವಳ ಬಲಗೈ ಸುಮ್ಮನಿರುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವಾಗಲೂ ತೊಡೆಯ ಮೇಲೆ ತನ್ನಷ್ಟಕ್ಕೆ ಸಣ್ಣಗೆ ಸುತ್ತುತ್ತಿತ್ತು. ಅಂಗೈ ಒಣಗಿದ ಚರ್ಮದಂತೆ ಗಡುಸು. ಬೆರಳು ಏನನ್ನೋ ಹಿಡಿದ ಹಾಗೆ ಯಾವಾಗಲೂ ಮಡಚಿಕೊಂಡಿರುತ್ತಿದ್ದವು. ಸುತ್ತುವುದು ಹೆಚ್ಚಾದರೆ ಎಡಗೈಯಿಂದ ಅದುಮಿ, "ಸಾಕು ಬುಡು," ಅನ್ನುತ್ತಿದ್ದಳು. ಕೈ ನಿಲ್ಲುತ್ತಿತ್ತು. ಹೇಳಿದ ಮಾತು ಕೇಳುವ ಪ್ರಾಣಿಯ ಹಾಗೆ.

ಬಾಗಲೂರಿನ ಹತ್ತಿರದ ನಮ್ಮೂರಲ್ಲಿ, ದೊಡ್ಡಮನೆಗೆ ರಾಗಿ ಬೀಸುವವಳು ಅವಳು. ಊರೆಲ್ಲ ದೊಡ್ಡಮ್ಮ ಅನ್ನುತ್ತಿತ್ತು, ನಾನೂ ಅಂದೆ. ನನಗೆ ಸಂಬಂಧವೇನೂ ಅಲ್ಲ. ಆಗ ಯುದ್ಧದ ಕಾಲ. ಚೊಚ್ಚಲ ಮಗುವನ್ನು ಅತ್ತೆಯ ಕೈಗೆ ಕೊಟ್ಟು ನಾನು ಅಲ್ಲಿಗೆ ಬೀಸಲು ಹೋದೆ. ರಾಗಿಕಲ್ಲಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಒಂದೇ ಗೂಟ. ಅದರ ಮೇಲೆ ನಮ್ಮಿಬ್ಬರ ಕೈ.

ಕೋಳಿ ಕೂಗುವ ಮೊದಲೇ ಬಂದು ಕೂರುತ್ತಿದ್ದಳು. ಆದರೆ ದೊಡ್ಡಮನೆಯ ಹೊಸ್ತಿಲಿಗೆ ದೀಪ ಇಟ್ಟರೆ ಮುಗಿಯಿತು. ಮೊರದಲ್ಲಿ ರಾಗಿ ಉಳಿದಿದ್ದರೂ ಸರಿಯೇ. ಒಂದು ಹಿಡಿ ತೆಗೆದು ಕಲ್ಲಿನ ಬಾಯಿಗೆ ಹಾಕಿ, ಬೀಸದೆ ಹಾಗೇ ಬಿಟ್ಟು, ಗೂಟ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು.

"ಕಲ್ಲಿಗೂ ಉಣ್ಣಾಕಿಕ್ಕಿ ಮಲಗಿಸ್ಬೇಕು ಕಣೇ. ಖಾಲಿ ಬಾಯಲ್ಲಿ ಬುಟ್ರೆ ಮನೆಗಂಟ ಹಿಂದೇನೇ ಬತ್ತೈತೆ."

ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಸಂಜೆ ಮನೆಗೆ ಹೋಗಿ ಕಡಿಯುವುದೇನು ಅಂತ ಹೆಂಗಸರು ನಗುತ್ತಿದ್ದರು. ಏನೂ ಇಲ್ಲ. ಮುದ್ದೆ ತಿರುವಿ ಉಂಡು ಬಾಗಿಲಲ್ಲಿ ಕೂತಿರುತ್ತಿದ್ದಳು. "ಸುಮ್ಕೆ ಕೂರಾದು ನನ್ ಬಾಳು. ಅದ್ನ ಯಾರಿಗೂ ಕೂಲಿಗೆ ಕೊಟ್ಟಿಲ್ಲ," ಅಂದಿದ್ದಳು.

ದೊಡ್ಡಮನೆಯಲ್ಲಿ ಮಗಳ ಮದುವೆ ಬಂತು. ದೀಪ ಇಟ್ಟ ಮೇಲೂ ಬೀಸಿರಿ ಅಂದಳು ಯಜಮಾನಿ. ದೊಡ್ಡಮ್ಮ ಎಂದಿನಂತೆ ಗೂಟ ಕಿತ್ತುಕೊಂಡು ನಡೆದಳು. ಯಜಮಾನಿಗೆ ಬೈಗುಳವೆಲ್ಲ ತೆಲುಗಿನಲ್ಲಿ, ಕೆಲಸ ಹೇಳುವುದು ಮಾತ್ರ ಕನ್ನಡದಲ್ಲಿ. ಬೈದು ಮುಗಿಸಿ, ಹೊಂಗೆಯ ಕೊಂಬೆಯಲ್ಲಿ ಹೊಸ ಗೂಟ ಮಾಡಿಸಿ, ನನ್ನನ್ನು ಕೂರಿಸಿದಳು. ಹಾಲು ಕಟ್ಟಿ ಎದೆ ನೋಯುತ್ತಿತ್ತು. ಒಲ್ಲೆ ಅನ್ನುವ ಧೈರ್ಯವಿರಲಿಲ್ಲ.

ಇಬ್ಬರು ಬೀಸುವ ಕಲ್ಲನ್ನು ಒಬ್ಬಳೇ ಎಳೆದರೆ ರಟ್ಟೆ ಬಿದ್ದುಹೋಗುತ್ತದೆ. ಮೊದಲು ಹಾಗೇ ಆಯಿತು. ಆಮೇಲೆ ಕಲ್ಲು ಹಗುರಾಯಿತು. ನಾನು ಎಳೆಯುವ ಮೊದಲೇ ಗೂಟ ನನ್ನ ಕಡೆ ಬರುತ್ತಿತ್ತು. ನನ್ನ ಕೈಯ ಕೆಳಗೆ ಇನ್ನೊಂದು ಕೈ ಇತ್ತು. ತಣ್ಣಗಿತ್ತು. ತಲೆ ಎತ್ತಿ ನೋಡಿದರೆ ಎದುರಿಗೆ ಯಾರೂ ಇಲ್ಲ, ದೊಡ್ಡಮ್ಮ ಕೂರುತ್ತಿದ್ದ ಗೋಣಿಚೀಲ ಮಾತ್ರ. ಅದು ಯಾರೋ ಕೂತ ಹಾಗೆ ತಗ್ಗಾಗಿತ್ತು. ಕಡೆಯ ಕಾಳೂ ಹಿಟ್ಟಾಗಿತ್ತು. ಕಲ್ಲಿನ ಬಾಯಿಗೆ ಹಾಕಲು ಏನೂ ಉಳಿದಿರಲಿಲ್ಲ. ಎದ್ದು ಓಡಿದೆ.

ಮನೆಯಲ್ಲಿ ಮಗುವನ್ನು ತೊಡೆಗೆ ಹಾಕಿಕೊಂಡೆ. ಬಲಗೈ ನಿಲ್ಲಲಿಲ್ಲ, ಸುತ್ತುತ್ತಲೇ ಇತ್ತು. ಮಗು ಮೊಲೆ ಹಿಡಿಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಎದುರಿಗೆ, ಕಲ್ಲಿದ್ದಿದ್ದರೆ ಇನ್ನೊಬ್ಬಳು ಕೂರುವ ಜಾಗವನ್ನು ನೋಡಿ ನೋಡಿ ನಗುತ್ತಿತ್ತು.

ಒಲೆಯ ಮುಂದಿದ್ದ ಅತ್ತೆ ತಿರುಗಿ, "ಯಾರ್ ಜೊತೇಲಿ ಬೀಸ್ತಿದ್ದೀಯೇ?" ಅಂದರು.

ಬೆಳಗ್ಗೆ ದೊಡ್ಡಮ್ಮ ನನ್ನ ಕೈ ನೋಡಿದಳು.

"ಕಲ್ಲು ಹಗುರಾಯ್ತಾ?"

ಹೂಂ ಅಂದೆ.

"ನಮ್ಮವ್ವಂಗೂ ಹಂಗೇ ಆಯ್ತು. ಮದ್ವೆ ರಾಗಿ, ಹಬ್ಬದ ರಾಗಿ ಅಂತ ಸಂಜೇನೂ ಕೂರ್ಸಿದ್ರು. ಸಾಯಗಂಟ ಗೋಡೆ ನೋಡ್ಕಂಡು ಬೀಸಿದ್ಲು. ನನ್ ಮೊಕ ಅವ್ಳಿಗೆ ಗುರ್ತು ಸಿಗ್ನಿಲ್ಲ."

ನನ್ನ ಕೈಯಿಂದಲೇ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿಸಿದಳು. ಕೈಯನ್ನು ಕಲ್ಲಿನ ಮೇಲೇ ಇಡಿಸಿ, ಅದು ನಿಲ್ಲುವವರೆಗೆ ಅದುಮಿ ಹಿಡಿದಳು. ಆಮೇಲೆ ಹಳೆಯ ಗೂಟ, ಹೊಸ ಗೂಟ ಎರಡನ್ನೂ ತೆಗೆದುಕೊಂಡು ಯಜಮಾನಿಯ ಎದುರು ನಿಂತಳು.

"ಬೆಳಕಿರಗಂಟ ನಾವು ನಿಮ್ಮೋರು ಅಮ್ಮಣ್ಣಿ. ದೀಪ ಇಕ್ಕಿದ್ ಮ್ಯಾಲೆ ಅಲ್ಲ. ಇವ್ಳಿಗೆ ಕೂಸೈತೆ."

ಕೂಲಿಯವಳಿಗೂ ದೊರೆಸಾನಿಯ ಹೊತ್ತೇ ಅಂತ ಯಜಮಾನಿ ಹಂಗಿಸಿದಳು.

"ಹಂಗಾರೆ ನೀವೇ ಬೀಸ್ಕಳಿ. ತಕಳಿ, ಗೂಟ."

ಎರಡನ್ನೂ ಮುಂದೆ ಹಿಡಿದಳು. ಹಿಡಿದ ಕೈ ಸುತ್ತುತ್ತಿತ್ತು, ಅದರ ಜೊತೆ ಗೂಟಗಳೂ ಸುತ್ತುತ್ತಿದ್ದವು. ಈ ಸಲ ಅವಳು ಅದುಮಲಿಲ್ಲ. ಯಜಮಾನಿ ಅದನ್ನೇ ನೋಡಿದಳು. ಮುಟ್ಟಲು ಕೈ ಚಾಚಲಿಲ್ಲ. ಒಳಗೆ ಹೋದಳು. ಮದುವೆಯ ಹಿಟ್ಟೆಲ್ಲ ಬೆಳಕಿನಲ್ಲೇ ಆಯಿತು. ಆಮೇಲೆ ಆ ಮನೆಯಲ್ಲಿ ದೀಪ ಇಟ್ಟ ಮೇಲೆ ಬೀಸು ಅಂತ ನನಗೆ ಯಾರೂ ಹೇಳಲಿಲ್ಲ. ನನ್ನ ಮಗ ನನ್ನ ಮುಖ ನೋಡುತ್ತಲೇ ಬೆಳೆದ.

ಯುದ್ಧ ಮುಗಿದ ಮೇಲೆ, ಒಂದು ರಾಗಿ ಕೊಯ್ಲಿನಲ್ಲಿ ಅವಳು ಹಾಸಿಗೆ ಹಿಡಿದಳು. ಮಾತು ನಿಂತುಹೋಯಿತು. ಕೈ ಮಾತ್ರ ಚಾಪೆಯ ಮೇಲೆ ಸರಸರ ಸುತ್ತುತ್ತಿತ್ತು. ಎಡಗೈಯಲ್ಲಿ ಅದುಮುವ ಶಕ್ತಿ ಇರಲಿಲ್ಲ. ನಾನು ಅದುಮಿದೆ, ಸಾಕು ಬಿಡು ಅಂದೆ. ಕೇಳಲಿಲ್ಲ. ಅವಳ ಕಣ್ಣು ಎದುರಿನ ಗೋಡೆಯ ಕಡೆ ತಿರುಗುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಮಡಕೆಯಿಂದ ಒಂದು ಹಿಡಿ ರಾಗಿ ತಂದು, ಅವಳ ಅಂಗೈಗೆ ಸುರಿದು, ಬೆರಳು ಮುಚ್ಚಿದೆ.

ಕೈ ನಿಂತಿತು. ಕಣ್ಣು ನನ್ನ ಕಡೆ ಬಂತು. ಸ್ವಲ್ಪ ಹೊತ್ತಿಗೆ ಉಸಿರೂ ನಿಂತಿತು.

ಆ ಹಿಡಿ ಬಿಚ್ಚಬೇಡಿ ಅಂದೆ. ಮರುದಿನ ಹಾಗೇ ಮಣ್ಣು ಮಾಡಿದರು. ಅವಳು ಸತ್ತ ಸಂಜೆ ಹೆಣದ ಹತ್ತಿರ ಬೇರೆಯವರು ಕೂತರು, ನಾನು ಎದ್ದು ಹೊರಟೆ. ಕಲ್ಲು ಮನಸ್ಸಿನವಳು ಅಂದವರಿದ್ದಾರೆ. ಅನ್ನಲಿ. ದೀಪ ಇಡುವ ಹೊತ್ತಾಗಿತ್ತು, ಮಗ ಬಾಗಿಲಲ್ಲಿ ಕಾಯುತ್ತಿದ್ದ.