ಮಿಷನ್ ರಿಪೇರಿ ಅಂಬಿಕಾಳ ತಲೆಬರಹ

ನ್ಯಾಮತಿಯಿಂದ ಹೊನ್ನಾಳಿ ಕಡೆ ಹೋಗುವ ರಸ್ತೆಯಲ್ಲಿ ವಿರೂಪಾಕ್ಷಪ್ಪನ ಚಹಾದ ಹೋಟೆಲಿದೆ. ಅದರ ಮಗ್ಗುಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಅಂಬಿಕಾ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾಳೆ. ಬಟ್ಟೆ ಹೊಲಿಯುವ ಹೆಂಗಸರನ್ನು ಊರು ಕಂಡಿತ್ತು. ಮಿಷನ್ನನ್ನೇ ಮಗುಚಿ ಹಾಕಿ ಅದರ ಹೊಟ್ಟೆಗೆ ಕೈ ಹಾಕುವ ಹೆಂಗಸನ್ನು ಕಂಡಿರಲಿಲ್ಲ. ಒಮ್ಮೆ ತನ್ನ ಮಿಷನ್ ಕೆಟ್ಟಾಗ ಸರಿಮಾಡುವವರು ಸಿಗದೆ ತಾನೇ ಬಿಚ್ಚಿ, ಜೋಡಿಸಲಾಗದೆ ಅತ್ತು, ಮತ್ತೆ ಬಿಚ್ಚಿ ಕಲಿತವಳು ಅವಳು. ಗಿರಾಕಿ ಮಾತಾಡಿ ಮುಗಿಸುವವರೆಗೂ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಆಮೇಲೆ ಚಕ್ರ ತಿರುಗಿಸಿ, ತಲೆ ವಾಲಿಸಿ, ಮಿಷನ್ ಏನು ಹೇಳುತ್ತದೆಂದು ಕೇಳುತ್ತಾಳೆ.

ಕೇಳಿಸಿಕೊಳ್ಳಲು ಗಿರಾಕಿಗಳೇ ಇರಲಿಲ್ಲ, ಅದೇ ತೊಂದರೆ.

“ಅಂಬಿಕಾ, ನಾನು ಬಾಡಿಗೆ ಆಸೆಗೆ ಕೋಣೆ ಕೊಟ್ಟೋನಲ್ಲ,” ಎಂದ ವಿರೂಪಾಕ್ಷಪ್ಪ ಒಂದು ದಿನ, ಚಹಾದ ಲೋಟ ಅವಳ ಮುಂದಿಟ್ಟು. “ನಿನ್ನ ಅಂಗಡಿಗೆ ಜನ ಬಂದ್ರೆ ನನ್ನ ಹೋಟ್ಲಿಗೂ ಬರ್ತಾರೆ ಅಂತ ಕೊಟ್ಟೆ. ಇಲ್ಲಿ ನೋಡಿದ್ರೆ ನೀನೊಬ್ಳು, ನಿನ್ನ ಎಣ್ಣೆ ಡಬ್ಬಿ ಒಂದು. ದೀಪಾವಳಿ ತನಕ ನೋಡ್ತೀನವ್ವ. ಈ ಕೋಣೇನ ಮೊಬೈಲ್ ಅಂಗಡಿಯೋರು ಕೇಳಾಕೆ ಹತ್ಯಾರೆ.”

ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಆ ಕೋಣೆ ಹೋದರೆ ಅಂಬಿಕಾಗೆ ಬೇರೆ ಜಾಗವಿಲ್ಲ. ಅವಳ ಮನೆ ಬಸ್ಸು ಮುಟ್ಟದ ಹಳ್ಳಿಯಲ್ಲಿ. ಭಾರದ ಮಿಷನ್ ಹೊತ್ತು ಅಲ್ಲಿಗೆ ಯಾರು ಬಂದಾರು?

ಅದಕ್ಕೇ ಅವಳು ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದಳು. ಮಾಡಿಕೊಟ್ಟವನು ಹೊನ್ನಾಳಿಯ ಪ್ರವೀಣ್ ಕುಮಾರ್. ಲಗ್ನಪತ್ರಿಕೆ ಅಚ್ಚು ಹಾಕುವುದು ಅವನ ಕಸುಬು, ವೆಬ್‌ಸೈಟು ಹೊಸ ಹುಮ್ಮಸ್ಸು. ಪೇಜಿನ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಶ್ರೀ ಅಂತರಘಟ್ಟಮ್ಮ ದೇವಿ ಪ್ರಸನ್ನ’, ಸುತ್ತ ಮಾವಿನ ತೋರಣ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’. ಅಂಬಿಕಾಗೆ ಕಣ್ಣು ತುಂಬಿ ಬಂತು. ಮನೆದೇವರ ಹೆಸರು ಮೊದಲು ಬರೆಯದೆ ಅವಳ ಮನೆಯಲ್ಲಿ ಹಾಲಿನ ಲೆಕ್ಕವನ್ನೂ ಬರೆಯುವುದಿಲ್ಲ.

ಫೋನು ಬರತೊಡಗಿತು.

“ಅಭಿಷೇಕ ಎಷ್ಟೊತ್ತಿಗ್ರೀ?”

“ಹರಕೆ ತೀರಿಸಾಕೆ ಮಂಗಳವಾರ ಬರ್ಬೇಕೋ, ಶುಕ್ರವಾರವೋ?”

“ಇದು ಗುಡಿ ಅಲ್ರೀ, ಮಿಷನ್ ಅಂಗಡಿ,” ಎಂದು ಅಂಬಿಕಾ ಪ್ರತಿಯೊಬ್ಬರಿಗೂ ಹೇಳಿ, ಊರಾಚೆಯ ಅಂತರಘಟ್ಟಮ್ಮನ ಗುಡಿಯ ವೇಳೆಯನ್ನೂ ತಿಳಿಸುತ್ತಿದ್ದಳು. ಮಿಷನ್ನಿನ ವಿಷಯಕ್ಕೆ ಮಾತ್ರ ಒಂದು ಫೋನೂ ಇಲ್ಲ.

ದಸರಾ ರಜೆಯಲ್ಲಿ ಚನ್ನಗಿರಿಯ ಸಂಧ್ಯಾರಾಣಿ ಬಂದಳು. ಅಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಅವಳದು. ತಾಯಿಯ ಮಿಷನ್ನನ್ನು ಆಟೋದಿಂದ ಇಳಿಸಿಕೊಂಡವಳೇ ಕೂಗಾಡಿದಳು.

“ನಿಮ್ಮನ್ನ ಹುಡುಕಿ ಹುಡುಕಿ ಸಾಕಾತು ಕಣ್ರೀ! ‘ಹೊಲಿಗೆ ಮಿಷನ್ ರಿಪೇರಿ’ ಅಂತ ಮೊಬೈಲ್‌ನಲ್ಲಿ ಹಾಕಿದ್ರೆ ನೀವು ಇಲ್ಲವೇ ಇಲ್ಲ. ನಲ್ಲೂರಿನ ಟೈಲರ್ ಕಸ್ತೂರಮ್ಮ ಹೇಳಿದ್ದಕ್ಕೆ ಬಂದೆ.”

“ಪೇಜ್ ಐತಲ್ರೀ,” ಎಂದು ಅಂಬಿಕಾ ಫೋನು ಕೊಟ್ಟಳು. ಸಂಧ್ಯಾರಾಣಿ ನೋಡಿದಳು, ತೋರಣ ನೋಡಿದಳು, ಬಾಯಿಗೆ ಸೆರಗು ಹಿಡಿದು ನಕ್ಕಳು.

“ಅಕ್ಕಾ, ಇದಕ್ಕೆ ಹೋಗಿ ಅಕ್ಷತೆ ಹಾಕಿ ಬರಬೇಕೋ, ಊಟ ಮಾಡ್ಕೊಂಡು ಬರಬೇಕೋ?”

ಮಿಷನ್ ಬಿಚ್ಚಿಕೊಂಡೇ ಅಂಬಿಕಾ ಕೇಳಿದಳು, ಸಂಧ್ಯಾರಾಣಿ ಹೇಳಿದಳು. ಹುಡುಕುವವರ ಕಣ್ಣಿಗೆ ಬೀಳುವಂತೆ ಪೇಜನ್ನು ಅಣಿ ಮಾಡುವುದಕ್ಕೆ ಎಸ್‌ಇಒ ಅನ್ನುತ್ತಾರಂತೆ. ಟೈಟಲ್ ಅಂದರೆ ತಲೆಬರಹ. ಈ ಪೇಜು ಯಾವುದರದು ಎಂದು, ಮೊಬೈಲಿನಲ್ಲಿ ಹುಡುಕಿಕೊಡುವ ಸರ್ಚ್ ಮೊದಲು ಅದನ್ನೇ ಓದುತ್ತದೆ. ಹುಡುಕಿದಾಗ ಅದರ ಕೆಳಗೆ ಕಾಣುವ ಎರಡು ಸಾಲಿಗೆ ಮೆಟಾ ಡಿಸ್ಕ್ರಿಪ್ಷನ್ ಎಂದು ಹೆಸರು. ಒಳಗೆ ಏನು ಸಿಗುತ್ತದೆಂದು ಬಾಗಿಲಲ್ಲಿ ನಿಂತು ಕರೆದು ಹೇಳಿದ ಹಾಗೆ.

“ಜನ ಬಂದು, ಇದು ನಮಗಲ್ಲ ಅಂತ ಹೊಸ್ತಿಲಲ್ಲೇ ತಿರುಗಿ ಹೋಗ್ತಾರಲ್ಲ, ಅದು ಬೌನ್ಸ್. ನಿಮಗೆ ಬರೋರೆಲ್ಲ ಹಂಗೇ ಹೋಗಾಕೆ ಹತ್ಯಾರೆ, ಪಾಪ, ಹಣ್ಣುಕಾಯಿ ಹಿಡ್ಕೊಂಡು.”

“ಮತ್ತೆ ಈ ಕೀವರ್ಡು? ಪ್ರವೀಣ ಅದನ್ನ ತುಂಬ ಹಾಕೀನಿ ಅಂದಿದ್ದ.”

“ನಿಮ್ಮತ್ರ ಬಂದೋರು ಮೊದಲು ಏನಂತ ಬಾಯಿ ಬಿಡ್ತಾರೆ? ಅದೇ ಕೀವರ್ಡ್.”

ಅಂಬಿಕಾಗೆ ಯೋಚಿಸಬೇಕಾಗಲಿಲ್ಲ. “ಮೇಲಿನ ದಾರ ತುಂಡಾಗ್ತೈತೆ. ಸೂಜಿ ಮುರೀತೈತೆ. ಗಂಟು ಬೀಳ್ತೈತೆ. ಮಿಷನ್ ಜಾಮ್ ಆಗೈತೆ.”

“ನೋಡ್ರಿ! ಪೇಜಲ್ಲಿ ಏನೈತೆ? ‘ಸಕಲ ವಿಧದ ಸೀವನ ಯಂತ್ರಗಳ ದುರಸ್ತಿ.’ ಮಿಷನ್ ಕೆಟ್ಟ ಸಿಟ್ಟಲ್ಲಿ ಯಾರಾದ್ರೂ ಸೀವನ ಯಂತ್ರ ಅಂತಾರೇನ್ರೀ?”

ಕಸ್ತೂರಮ್ಮ ದಾರಿ ಹೇಳಿದಂತೆ ಬೇರೆಯವರ ಪೇಜು ನಮ್ಮ ಪೇಜಿನ ದಾರಿ ತೋರಿಸಿದರೆ ಅದು ಬ್ಯಾಕ್‌ಲಿಂಕ್ ಎಂಬುದೂ ತಿಳಿಯಿತು. ಎಲ್ಲ ತಿಳಿಯಿತು. ಒಂದು ಮಾತು ಮಾತ್ರ ಅಂಬಿಕಾಳ ಗಂಟಲಲ್ಲಿ ಇಳಿಯಲಿಲ್ಲ.

“ಹಂಗಾದ್ರೆ ಅಮ್ಮನ ಹೆಸರು ಮೇಲಿಂದ ತೆಗೀಬೇಕಾ?”

“ತಲೆಬರಹದಿಂದ ತೆಗೀಬೇಕು ಅಕ್ಕ.”

“ಅದೊಂದು ಬಿಟ್ಟು ಉಳಿದಿದ್ದೆಲ್ಲ ಮಾಡ್ತೀನಿ ಕಣವ್ವ.”

ಸಂಧ್ಯಾರಾಣಿ ಒತ್ತಾಯ ಮಾಡಲಿಲ್ಲ. ಮಂಗಳವಾರ ಅಂಬಿಕಾ ಊರಾಚೆಯ ಗುಡಿಗೆ ಹೋಗಿ ಅಮ್ಮನಲ್ಲಿ ಹೂ ಕೇಳಿದಳು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ. ಹೂ ಯಾವ ಕಡೆಗೂ ಬೀಳಲಿಲ್ಲ. ಹಿಂದೆ ನಿಂತವಳು, “ಬೇಗ ಕೇಳವ್ವ, ನಮ್ದೂ ಮದುವೆ ಮಾತೈತೆ,” ಎಂದು ತಿವಿದಳು. ಅಂಬಿಕಾ ಕೈಮುಗಿದು ಪಕ್ಕಕ್ಕೆ ಸರಿದಳು.

ಆ ವಾರವೇ ಅಂಗಡಿಯ ಮುಂದೆ ಒಬ್ಬ ಮುದುಕಿ ಬಂದು ನಿಂತಿತು. ಮಡಿಲಲ್ಲಿ ಅಕ್ಕಿ, ಕುಬುಸದ ಕಣ, ತೆಂಗಿನಕಾಯಿ. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಬಸ್ಸು ಬದಲಿಸಿ ಬದಲಿಸಿ, ಹೊಟ್ಟೆಗೆ ನೀರೂ ಇಲ್ಲದೆ ಬಂದಿತ್ತು.

“ಗುಡಿ ಇದೇ ಏನವ್ವ? ಮೊಮ್ಮಗಳು ಮೊಬೈಲ್‌ನಾಗೆ ನೋಡಿ ಇದೇ ಅಂದ್ಲು. ಅಮ್ಮ ಎಲ್ಲವ್ವ?”

ಅಂಬಿಕಾ ಕಪ್ಪು ಎಣ್ಣೆಯ ಕೈ ಒರೆಸಿಕೊಂಡು ಎದ್ದಳು. ಮುದುಕಿ ಕತ್ತು ಚಾಚಿ ಮಿಷನ್ನುಗಳ ಹಿಂದೆ ದೇವರನ್ನು ಹುಡುಕುತ್ತಿತ್ತು.

ವಿರೂಪಾಕ್ಷಪ್ಪನಿಗೆ ಅಂಗಡಿಯ ಬೀಗದಕೈ ಕೊಟ್ಟು, ಮುದುಕಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಗುಡಿಗೆ ಹೊರಟಳು. ಬಾಗಿಲು ಹಾಕುವ ಹೊತ್ತು. ಪೂಜಾರಿಯನ್ನು ಬೇಡಿಕೊಂಡು ಮಡಿಲಕ್ಕಿ ಅರ್ಪಿಸಿದ್ದಾಯಿತು. ಮುದುಕಿ ಹಣೆ ನೆಲಕ್ಕೆ ಹಚ್ಚಿ ಎದ್ದು ನಕ್ಕಿತು. ಅಂಬಿಕಾಗೆ ಮಾತ್ರ ನಗು ಬರಲಿಲ್ಲ. ಅಮ್ಮನ ಹೆಸರು ಮೇಲಿಟ್ಟು ಅಮ್ಮನ ಮಕ್ಕಳನ್ನೇ ದಾರಿ ತಪ್ಪಿಸಿದ್ದು ಯಾವ ಭಕ್ತಿ? ಗುಡಿ ಹುಡುಕುವವರಿಗೆ ಗುಡಿ ಸಿಗಬೇಕು, ಮಿಷನ್ ಹುಡುಕುವವರಿಗೆ ತಾನು ಸಿಗಬೇಕು. ಅದನ್ನು ಹೇಳಲು ಹೂ ಯಾಕೆ ಬೀಳಬೇಕಿತ್ತು?

ಮರುದಿನವೇ ಹೊನ್ನಾಳಿಗೆ ಹೋಗಿ ಪ್ರವೀಣ್ ಕುಮಾರನ ಪಕ್ಕ ಕುಳಿತಳು. ತಲೆಬರಹ ಬದಲಾಯಿತು: ‘ಹೊಲಿಗೆ ಮಿಷನ್ ರಿಪೇರಿ, ನ್ಯಾಮತಿ – ಅಂಬಿಕಾ.’ ಅದರ ಕೆಳಗೆ: ‘ದಾರ ತುಂಡಾಗುತ್ತಾ, ಸೂಜಿ ಮುರಿಯುತ್ತಾ? ಬನ್ನಿ, ನಿಮ್ಮ ಎದುರಲ್ಲೇ ಬಿಚ್ಚಿ ನೋಡುತ್ತೇನೆ.’ ಅಮ್ಮನ ಹೆಸರನ್ನು ಪೇಜಿನ ಒಳಗೆ, ಅಂಗಡಿಯಲ್ಲಿ ಅವಳು ದೀಪ ಹಚ್ಚುವ ಗೂಡಿನ ಚಿತ್ರದ ಪಕ್ಕ ಬರೆಸಿದಳು.

ಪ್ರವೀಣನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. “ಅಕ್ಕ, ಚನ್ನಗಿರಿ, ಹೊನ್ನಾಳಿ, ಜಗಳೂರು ಅಂತ ನೂರು ಸಲ ತುಂಬಿಬಿಡಾನಾ? ಮೇಲೆ ಬರ್ತೀರಿ.”

“ಸಾರು ರುಚಿ ಆಗ್ಲಿ ಅಂತ ಉಪ್ಪನ್ನೇ ಬೇಯಿಸ್ತಾರೇನೋ? ಹೋಗಿ ರಿಪೇರಿ ಮಾಡೋ ಊರು ಎಷ್ಟೋ, ಅಷ್ಟೇ ಹಾಕು.”

ಸಂಧ್ಯಾರಾಣಿ ತನ್ನ ತರಬೇತಿ ಕೇಂದ್ರದ ಪೇಜಿನಲ್ಲಿ ಅಂಬಿಕಾಳ ಪೇಜಿನ ದಾರಿ ಹಾಕಿದಳು. “ಸರ್ಚಿಗೆ ಹೊಸ ಬರಹ ಗೊತ್ತಾಗಿ, ಓದಿ, ಒಳಗಿಟ್ಟುಕೊಳ್ಳಾಕೆ ದಿನ ಬೇಕು, ಅದು ಇಂಡೆಕ್ಸಿಂಗ್. ತಾಳ್ಮೆ ಬೇಕಕ್ಕ,” ಎಂದಳು. ತಾಳ್ಮೆ ಅಂಬಿಕಾಗೆ ಯಾರೂ ಕಲಿಸಬೇಕಾಗಿರಲಿಲ್ಲ; ಆದರೆ ದೀಪಾವಳಿ ಅವಳಿಗಾಗಿ ಕಾಯುವ ಹಾಗಿರಲಿಲ್ಲ. ಗಿರಾಕಿಯಿಲ್ಲದ ದಿನಗಳು ಕಳೆದವು. ಮೊಬೈಲ್ ಅಂಗಡಿಯವನು ಬಂದು ಟೇಪು ಹಿಡಿದು ಕೋಣೆ ಅಳೆದು ಹೋದ. ಅಂಬಿಕಾ ಕಾಲು ಎತ್ತಿ ಟೇಪಿಗೆ ದಾರಿ ಕೊಟ್ಟಳು.

ಮೊದಲ ಫೋನು ಹೊನ್ನಾಳಿಯಿಂದ. “ದಾರ ತುಂಡಾಗ್ತೈತೆ ಅಂತ ಹಾಕಿದೆ ಕಣ್ರೀ, ನಿಮ್ಮ ಹೆಸರು ಬಂತು. ಹಬ್ಬದ ಕುಬುಸ ರಾಶಿ ಬಿದ್ದಾವೆ, ಈಗ್ಲೇ ಬರ್ಲಾ?” ಆಮೇಲೆ ಚನ್ನಗಿರಿ ಕಡೆಯಿಂದ, ಆಮೇಲೆ ಸುತ್ತಿನ ಹಳ್ಳಿಗಳಿಂದ. ಜಗಳೂರಿನ ಟೈಲರುಗಳು ಒಟ್ಟಾಗಿ, ಒಂದು ದಿನ ನೀವೇ ಬಂದು ನಮ್ಮ ಮಿಷನ್ನೆಲ್ಲ ನೋಡ್ರಿ ಎಂದರು. ಊರು ಮುಗಿಬಿದ್ದಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೈ ಖಾಲಿ ಇರುವ ದಿನ ಕಡಿಮೆಯಾಯಿತು.

ನರಕ ಚತುರ್ದಶಿಯ ಬೆಳಿಗ್ಗೆ ವಿರೂಪಾಕ್ಷಪ್ಪ ಬಾಗಿಲಲ್ಲಿ ಬಂದು ನಿಂತ. ಮುಖ ಗಂಟು.

“ಏನವ್ವ ಇದು? ನನ್ನ ಬೆಂಚಿನ ಮೇಲೆಲ್ಲ ಮಿಷನ್ ಇಟ್ಟಾರೆ. ಚಾ ಕುಡಿಯೋರು ಎಲ್ಲಿ ಕೂರ್ಬೇಕು, ನನ್ನ ತಲೆ ಮೇಲಾ?”

“ಈಗ್ಲೇ ತೆಗೀತೀನಿ ಮಾವ...”

“ಇರ್ಲಿ ಬಿಡು. ಹಬ್ಬ ಆದ್ಮೇಲೆ ಮಿಷನ್ ಇಡಾಕೆ ಹೊರಗೊಂದು ತಗಡಿನ ಶೀಟ್ ಇಳಿಸಿ ಕೊಡ್ತೀನಿ. ಆ ಮೊಬೈಲ್‌ನೋನಿಗೆ ಬೇರೆ ಕಡೆ ನೋಡ್ಕೋ ಅಂದೆ.” ಹೋಗುತ್ತ ತಿರುಗಿ ಕೇಳಿದ: “ಅಲ್ಲವ್ವ, ನನ್ನ ಹೋಟ್ಲಿಗೆ ಜನ ಏನಂತ ಹುಡುಕ್ತಾರೆ?”

ಅಂಬಿಕಾ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಕೂತ್ಕೋ ಮಾವ. ಗಿರಾಕಿ ಮೊದಲು ಏನು ಕೇಳ್ತಾರೆ, ಅದನ್ನ ಹೇಳು.”