ಮುದ್ದೆ ತಿರುವಲು ಕಲಿತವಳು

ಅವಳನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಆಗ ಹತ್ತು ಕಾರಣ ಹೇಳುತ್ತಿದ್ದೆ. ಗಟ್ಟಿಯಾಗಿ ನಗುತ್ತಾಳೆ, ಹೇಳದೆ ಕೇಳದೆ ಯಾರ ಅಡುಗೆಮನೆಗಾದರೂ ನುಗ್ಗುತ್ತಾಳೆ, ಒಲೆಯನ್ನೂ ಬಸ್ಸನ್ನೂ ‘ಅವಳು’ ಎನ್ನುತ್ತಾಳೆ. ನಿಜವಾದ ಕಾರಣ ಒಂದೇ. ನಮ್ಮ ಸಂಸ್ಥೆ ಮೊಳಕಾಲ್ಮುರಿನಲ್ಲಿ ಹೊಸದೊಂದು ಕೇಂದ್ರ ತೆರೆಯುವುದಿತ್ತು. ನಮ್ಮಿಬ್ಬರಲ್ಲಿ ಒಬ್ಬಳನ್ನು ಅಲ್ಲಿಗೆ ಕಳಿಸುತ್ತಾರೆ ಎಂಬ ಮಾತಿತ್ತು, ಆ ಕೆಲಸ ನನಗೆ ಬೇಕಿತ್ತು.

ಎರಡು ಸಾವಿರದ ಇಸವಿಯ ಆಚೀಚೆಯ ಕಾಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ನಮ್ಮ ಕಚೇರಿ. ಕಡಿಮೆ ಸೌದೆಯಲ್ಲಿ, ಹೊಗೆಯಿಲ್ಲದೆ ಉರಿಯುವ ತಗಡಿನ ಒಲೆಯನ್ನು ಹಳ್ಳಿಗಳಿಗೆ ಕೊಡುವುದು ಸಂಸ್ಥೆಯ ಕೆಲಸ. ಕೊಟ್ಟ ಮೇಲೆ ಮನೆಮನೆಗೆ ಹೋಗಿ, ಒಲೆ ಹೇಗಿದೆ ಎಂದು ಕೇಳಿಕೊಂಡು ಬರುವುದು ನಮ್ಮಿಬ್ಬರ ಪಾಲಿನದು. ನಮ್ಮ ಮುಖ್ಯಸ್ಥರು ಊರೂರಿಗೆ ಹೋಗಿ ಭೂಮಿ ಬಿಸಿಯಾಗುತ್ತಿದೆ, ಮರ ಉಳಿಸಬೇಕು, ಹೊಗೆ ಕಡಿಮೆ ಮಾಡಬೇಕು ಎಂದು ಹೇಳುತ್ತಿದ್ದರು. ನಮ್ಮ ಕಡೆ ತಂಪಾಗಿ ಇದ್ದದ್ದಾದರೂ ಯಾವಾಗ ಎಂದು ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಒಲೆಯನ್ನು ಮಾತ್ರ ಕೈಚಾಚಿ ಇಸಿದುಕೊಳ್ಳುತ್ತಿದ್ದರು.

ನಾನು ಮೊಳಕಾಲ್ಮುರು ಪಕ್ಕದ ಸಿದ್ದಾಪುರದವಳು. ಅವ್ವ ಅಲ್ಲಿ ಅಣ್ಣನ ಸಂಸಾರದ ಜೊತೆಗಿದ್ದಳು, ಶೇಂಗಾ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಹೈಸ್ಕೂಲಿಗೆಂದು ಚಳ್ಳಕೆರೆಯ ಹಾಸ್ಟೆಲ್ ಸೇರಿದ ನಾನು ಮತ್ತೆ ಊರಲ್ಲಿ ನೆಲೆಸಿದ್ದೇ ಇಲ್ಲ. ಮೊಳಕಾಲ್ಮುರಿನ ಕೆಲಸ ಸಿಕ್ಕರೆ ದಿನಾ ಮನೆಯಿಂದಲೇ ಬಸ್ಸಿಗೆ ಹೋಗಿ ಬರಬಹುದು, ಅವ್ವನ ಪಕ್ಕ ಚಾಪೆ ಹಾಸಿಕೊಳ್ಳಬಹುದು. ನನ್ನ ಆಸೆ ಅಷ್ಟೇ. ಅವಳೋ ಚಳ್ಳಕೆರೆಯ ಮೆಕ್ಯಾನಿಕ್ ಒಬ್ಬರ ಮಗಳು. ಮನೆಯಲ್ಲಿ ಉರ್ದು, ಅಪ್ಪನ ಗ್ಯಾರೇಜಿನಲ್ಲಿ ತೆಲುಗು, ನಮ್ಮ ಕಚೇರಿಯಲ್ಲಿ ಅವಳದೇ ಒಂದು ಕನ್ನಡ. ಅಪ್ಪ, ಅಮ್ಮ, ಅಕ್ಕಂದಿರು ಎಲ್ಲಾ ಎರಡು ಬೀದಿಯೊಳಗೇ ಇದ್ದರು. ಅವಳಿಗೆ ಮೊಳಕಾಲ್ಮುರು ಯಾಕೆ ಬೇಕು, ನೀವೇ ಹೇಳಿ.

ನನ್ನ ಕೆಲಸ ಅಚ್ಚುಕಟ್ಟು. ಹಿಂದಿನ ದಿನವೇ ಹೇಳಿ ಕಳಿಸಿ, ಹನ್ನೊಂದು ಗಂಟೆಯ ಬಸ್ಸಿಗೆ ಹೋಗುತ್ತಿದ್ದೆ. ನಾನು ಹೋಗುವ ಹೊತ್ತಿಗೆ ಒಲೆಯನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು ನಡುಮನೆಯಲ್ಲಿ ಕೂರಿಸಿರುತ್ತಿದ್ದರು. ಅದರ ಮೇಲೆಯೇ ಟೀ ಕಾಸಿ ಕೊಡುತ್ತಿದ್ದರು. ಹೇಗಿದೆ ಎಂದರೆ, ಚೆನ್ನಾಗೈತೆ ಕಣವ್ವ ಎನ್ನುತ್ತಿದ್ದರು. ಮನೆಗೆ ಬಂದವರು ಕೊಟ್ಟ ವಸ್ತುವನ್ನು ಅವರ ಮುಂದೆಯೇ ಹೀಗಳೆಯುವುದು ನಮ್ಮ ಕಡೆ ಇಲ್ಲ. ಹಿತ್ತಲಿನ ಮೂರು ಕಲ್ಲಿನ ಒಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿರುವುದು ಕಂಡು ಕೇಳಿದರೆ, ಸ್ನಾನಕ್ಕೆ ನೀರು ಕಾಸಿದ್ದೆವು ಎನ್ನುತ್ತಿದ್ದರು. ಇರಬಹುದು ಎಂದುಕೊಂಡು ಟೀ ಕುಡಿದು ಎದ್ದು ಬರುತ್ತಿದ್ದೆ. ತಿಂಗಳ ಸಭೆಯಲ್ಲಿ, ನಾನು ಹೋದ ಊರುಗಳಲ್ಲಿ ಎಲ್ಲರಿಗೂ ಒಲೆ ಒಪ್ಪಿಗೆಯಾಗಿದೆ ಎಂದು ಹೇಳುತ್ತಿದ್ದೆ. ಮುಖ್ಯಸ್ಥರು ತಲೆಯಾಡಿಸಿ ಅವಳ ಕಡೆ ತಿರುಗುತ್ತಿದ್ದರು.

ಅವಳು ಹೊತ್ತು ತರುತ್ತಿದ್ದದ್ದು ಬರೀ ಬೈಗುಳ. ಒಲೆಯ ಬಾಯಿ ಚಿಕ್ಕದು, ಜಾಲಿ ಸೌದೆ ಹಿಡಿಸುವುದಿಲ್ಲ. ಹಿಡಿಕೆ ಕೈ ಸುಡುತ್ತದೆ. ಹೊಗೆ ನಿಂತುಹೋದದ್ದರಿಂದ ಜಂತೆಗೆ ಕಟ್ಟಿದ್ದ ಬೀಜದ ಜೋಳಕ್ಕೆ ಹುಳ ಬಿದ್ದಿದೆ. ಒಂದೊಂದನ್ನೂ ನಗುನಗುತ್ತಾ ಹೇಳುತ್ತಿದ್ದಳು. ಇವಳ ಕಥೆ ಇಲ್ಲಿಗೆ ಮುಗಿಯಿತು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆದರೆ ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತು, ಎಲ್ಲಿ ಸುಡುತ್ತದೆ, ಇನ್ನೊಂದು ಸಲ ಹೇಳು ಎನ್ನುತ್ತಿದ್ದರು. ಬೈಸಿಕೊಂಡು ಬಂದವಳ ಹತ್ತಿರಕ್ಕೆ ಕುರ್ಚಿ, ಹೊಗಳಿಸಿಕೊಂಡು ಬಂದವಳಿಗೆ ಬರೀ ತಲೆಯಾಟ. ಹೊಟ್ಟೆ ಉರಿಯದೆ ಇರುತ್ತದೆಯೇ?

ಎರಡು ನಿಯಮಗಳನ್ನು ಮುಖ್ಯಸ್ಥರು ಬಿಗಿಯಾಗಿ ಹಿಡಿದಿದ್ದರು. ನಮ್ಮ ನಮ್ಮ ಊರನ್ನು ನಾವೇ ನೋಡುವಂತಿಲ್ಲ, ದಾಕ್ಷಿಣ್ಯ ಬರುತ್ತದೆ. ದೂರು ಹೇಳಿದ ಮನೆ ಯಾವುದೆಂದು ಯಾರಿಗೂ ಬಾಯಿಬಿಡುವಂತಿಲ್ಲ. ಹಾಗಾಗಿ ಸಿದ್ದಾಪುರದ ಸುತ್ತಿನ ಊರುಗಳೆಲ್ಲ ಅವಳ ಪಾಲಿಗೆ ಹೋದವು. ಅದೂ ನನಗೆ ಸಂಕಟವೇ.

ಒಂದು ಸಭೆಯಲ್ಲಿ ಅವಳು ಎದ್ದು ನಿಂತು, “ಇದರ ಮೇಲೆ ಮುದ್ದೆ ಆಗಲ್ಲ ಸರ್. ಒಲೆ ಕುಣೀತಾಳೆ” ಎಂದಳು.

ಆದದ್ದಿಷ್ಟು. ಅವಳ ಮನೆಯಲ್ಲಿ ಮುದ್ದೆ ಮಾಡುವ ರೂಢಿಯೇ ಇರಲಿಲ್ಲ. ಮೊದಲ ಬಸ್ಸಿಗೆ ಹೋಗಿ, ಒಬ್ಬ ಹೆಂಗಸು ಅಡುಗೆಗೆ ಕೂತ ಹೊತ್ತಿಗೇ ಒಳಗೆ ಹೊಕ್ಕು, ನನಗೆ ಮುದ್ದೆ ಕಲಿಸಿಕೊಡಿ ಎಂದು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಒಲೆ ಹೇಗಿದೆ ಎಂದು ಕೇಳಿದ್ದರೆ ಆಕೆ ಚೆನ್ನಾಗೈತೆ ಎನ್ನುತ್ತಿದ್ದರು. ಕಲಿಸು ಎಂದರೆ ಏನು ಮಾಡಿಯಾರು? ಪಾತ್ರೆ ಎತ್ತಿಕೊಂಡು ಹಿತ್ತಲಿನ ಮೂರು ಕಲ್ಲಿನ ಒಲೆಗೆ ಹೋಗಿದ್ದಾರೆ. ಇವಳು ಬಿಡದೆ ತಗಡಿನ ಒಲೆಯ ಮೇಲೆಯೇ ಇಡಿಸಿದ್ದಾಳೆ. ಮುದ್ದೆಗೆ ಪಾತ್ರೆಯ ಕಂಠಕ್ಕೆ ಕವೆಗೋಲು ಸಿಕ್ಕಿಸಿ, ಅದರ ತುದಿಯನ್ನು ಕಾಲಲ್ಲಿ ಅಮುಕಿ ಹಿಡಿದು, ಇನ್ನೊಂದು ಕೋಲಿನಿಂದ ಮೈಯ ಬಲವನ್ನೆಲ್ಲ ಹಾಕಿ ಹಿಟ್ಟು ತಿರುವಬೇಕು. ಹಗುರ ತಗಡು ಅದನ್ನು ತಡೆಯಲಿಲ್ಲ. ಒಲೆ ವಾಲಿತು, ಹಿಟ್ಟು ನೆಲದ ಪಾಲಾಯಿತು.

ಅವಳೊಬ್ಬಳನ್ನು ಬಿಟ್ಟರೆ ಸಭೆಯಲ್ಲಿದ್ದ ನಾವೆಲ್ಲ ಹಿಂದಿನ ರಾತ್ರಿ ಮುದ್ದೆ ಉಂಡೇ ಮಲಗಿದವರು. ಮುಖ್ಯಸ್ಥರು ನಕ್ಕರು, ಆಮೇಲೆ ಮೂಲೆಯಲ್ಲಿದ್ದ ಒಲೆಯೊಂದನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದರು. ಅನ್ನ ಬೇಯಿಸಿ ನೋಡಿ ಪಾಸು ಮಾಡಿದ ಒಲೆ ಅದು. ಇನ್ನು ಮುಂದೆ ಯಾರೂ ಹೇಳಿ ಕಳಿಸಬಾರದು, ಅಡುಗೆ ಹೊತ್ತಿಗೇ ಹೋಗಬೇಕು, ಅವರು ಮಾಡಿದ್ದನ್ನು ಜೊತೆಗೆ ಕೂತು ಮಾಡಬೇಕು ಎಂದರು. ನನ್ನ ಹನ್ನೊಂದು ಗಂಟೆಯ ಬಸ್ಸು ಅವತ್ತಿಗೇ ನಿಂತಿತು. ಹುಟ್ಟಿದಾಗಿನಿಂದ ಮುದ್ದೆ ತಿಂದು ಬೆಳೆದವಳು ನಾನು, ನನ್ನ ಮುದ್ದೆಯ ವಿಷಯವನ್ನು ಅವಳು ಬಂದು ನನಗೆ ಹೇಳಬೇಕೇ ಎಂದು ಮೈಯೆಲ್ಲ ಉರಿಯಿತು. ತಿಂದಿದ್ದೆ, ತಿರುವಿರಲಿಲ್ಲ. ಚಿಕ್ಕವಳಿದ್ದಾಗ ಕೋಲಿಗೆ ಕೈಹಾಕಿದರೆ ಅವ್ವ ಕಿತ್ತುಕೊಂಡು, ಓದ್ಕೋ ಹೋಗು ಎಂದು ಅಟ್ಟುತ್ತಿದ್ದಳು.

ಕೆಲವು ತಿಂಗಳಲ್ಲಿ ಹೊಸ ಒಲೆ ಬಂತು. ಅಗಲವಾದ ಕಾಲು, ಪಾತ್ರೆಯನ್ನು ಕಚ್ಚಿ ಹಿಡಿಯಲು ಎರಡು ಕಬ್ಬಿಣದ ಕಿವಿ. ಮೊದಲನೆಯದನ್ನು ಅವಳ ಅಪ್ಪನೇ ಗ್ಯಾರೇಜಿನಲ್ಲಿ ಬೆಸುಗೆ ಹಾಕಿ ಕೊಟ್ಟರು. ಮೊಳಕಾಲ್ಮುರಿನ ಕೆಲಸ ಅವಳಿಗೆ ಹೋಯಿತು. ಹೊರಡುವ ದಿನ ನನ್ನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದಳು. ನನಗೆ ಬಸ್ಸಿದೆ ಎಂದು ಮುಖ ತಿರುಗಿಸಿ ನಡೆದೆ. ಬಸ್ಸು ಇರಲಿಲ್ಲ.

ಆ ಭಾನುವಾರ ಹೊಸ ಒಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ದಾಪುರಕ್ಕೆ ಹೋದೆ. ಕೆಲಸ ಹೋದರೆ ಹೋಯಿತು, ಅವ್ವನಿಗಾದರೂ ಮೊದಲು ನಾನೇ ತೋರಿಸುತ್ತೇನೆ ಎಂಬ ಹಟ. ಅವ್ವ ಒಲೆಯನ್ನು ಬೆಳಕಿಗೆ ಹಿಡಿದು, ಕಿವಿಗಳನ್ನು ಹಿಂಡಿ ನೋಡಿದಳು.

“ಹೇಳಿದಂಗೇ ಮಾಡ್ಯಾರೆ. ಜಾಣೆ ಹುಡುಗಿ ಅವ್ಳು.”

ಯಾರು ಎಂದು ಕೇಳಿದೆ. ನಿನ್ನ ಜೊತೆ ಕೆಲಸ ಮಾಡುವ ಮೆಕ್ಯಾನಿಕ್ಕರ ಮಗಳು ಎಂದಳು ಅವ್ವ. ಮುದ್ದೆ ಕಲಿಯಲು ಇಲ್ಲಿಗೇ ಬಂದಿದ್ದಳಂತೆ. ಮೊದಲ ಸಲ ಹಿಟ್ಟು ಚೆಲ್ಲಿದಳಂತೆ. ಆಮೇಲೂ ಬರುತ್ತಿದ್ದಳಂತೆ. ಅವ್ವ ಹಿಂದೆ ನಿಂತು, ಅವಳ ಕೈಯ ಮೇಲೆ ಕೈಯಿಟ್ಟು ತಿರುವಿಸಿದಳಂತೆ. ಈಗ ಗಂಟಿಲ್ಲದೆ ಮಾಡುತ್ತಾಳಂತೆ.

“ನನಗ್ಯಾಕೆ ಹೇಳ್ಲಿಲ್ಲ ಅವ್ವ?”

“ನನ್ ಮಗಳ ಒಲೆ ಅಂತ ಊರಿಗೆಲ್ಲ ತೋರ್ಸಿದ್ದೆ. ನಿನ್ ಮುಂದೆ ಹೀಗಳಿಯಾಕೆ ಬಾಯಿ ಬರ್ತೈತಾ? ಅವ್ಳಿಗೂ ಅದ್ನೇ ಅಂದಿದ್ದೆ, ನನ್ ಮಗಳಿಗೆ ಹೇಳ್ಬ್ಯಾಡ, ನೊಂದ್ಕಂತಾಳೆ ಅಂತ.”

ಮೊಳಕಾಲ್ಮುರಿನ ಕೆಲಸ ಅವಳಿಗೆ ಹೋದಾಗ ಆದದ್ದು ಇದರ ಮುಂದೆ ಹೊಟ್ಟೆಕಿಚ್ಚೇ ಅಲ್ಲ ಎಂದು ಆಗ ತಿಳಿಯಿತು. ಆ ಅಡುಗೆಮನೆಯಲ್ಲಿ, ಅವ್ವನ ಕೈಯ ಕೆಳಗೆ ಇದ್ದ ಅವಳ ಕೈಯನ್ನು ನೆನೆಸಿಕೊಂಡೆ. ಅವ್ವನ ಕೈ ನನ್ನ ತಲೆ ಬಾಚಿದೆ, ಬಸ್ಸು ಹತ್ತಿಸಿದೆ. ಯಾವ ಕೆಲಸಕ್ಕೂ ನನ್ನ ಕೈಯ ಮೇಲೆ ಕೂತಿಲ್ಲ.

ಅವ್ವ ಬ್ರಹ್ಮಗಿರಿ ಗುಡ್ಡದಿಂದ ತಂದಿದ್ದ ಒಣ ಪುರಳೆ ಕಡ್ಡಿ ಮುರಿದು ಹೊಸ ಒಲೆ ಹೊತ್ತಿಸಿದಳು. ನೀರು ಕುದಿಯಿತು, ಹಿಟ್ಟು ಬಿತ್ತು. ನಾನು ಗೋಡೆಗೆ ಒರಗಿಸಿದ್ದ ಮುದ್ದೆ ಕೋಲು ತೆಗೆದುಕೊಂಡು, ನನಗೂ ಕಲಿಸು ಎಂದೆ. ಅವ್ವ ನನ್ನ ಮುಖ ನೋಡಿದಳು, ತಮಾಷೆ ಎಂದುಕೊಂಡಿರಬೇಕು. ಕೋಲನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡಳು.

“ನಿನಗ್ಯಾಕೆ ಬಿಡು, ಅಂಗೈಗೆ ಬೊಬ್ಬೆ ಬರ್ತಾವೆ. ಬಂದಿರೋದೇ ಒಂದಿನ. ಕೂತ್ಕೋ.”

ಕೂತೆ. ಅವ್ವ ಮೈಯೆಲ್ಲ ಬಾಗಿಸಿ ತಿರುವಿದಳು, ಒಲೆ ಅಲುಗಾಡಲಿಲ್ಲ. ಬಿಸಿ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಸಾರು ಬಿಟ್ಟು, ಎದುರಿಗೆ ಕೂತು ಹೊಸ ಒಲೆ ಮುದ್ದೆ ಹೇಗಿದೆ ಎಂದು ಕೇಳಿದಳು. ಚೆನ್ನಾಗೈತೆ ಕಣವ್ವ ಎಂದೆ.