ಡ್ರಮ್ಮಿನ ಹಿಂದಿನ ನಾಯಿ

ಆ ನಾಯಿಗೆ ಗಂಡಸರೆಂದರೆ ಭಯ ಎಂದು ಟೀಚರ್ ಹೇಳಿದಾಗ ನಾನು ನಂಬಲಿಲ್ಲ. ಅದು ಮಗುವೊಂದನ್ನು ಕಚ್ಚಿದ ನಾಯಿ ಎಂದು ಹೋಟೆಲಿನಲ್ಲಿ ಚಾ ಕುಡಿಯುತ್ತ ಕುಳಿತವರು ಹೇಳಿದ್ದನ್ನೂ ನಂಬಿರಲಿಲ್ಲ. ನಂಬದಿರುವುದು ನನಗೆ ಬೀಡಿಯ ಶೆಡ್ಡಿನಲ್ಲಿ ಬಂದ ಅಭ್ಯಾಸ. ಶಾಲೆ ಅರ್ಧಕ್ಕೆ ಬಿಟ್ಟು ಬೀಡಿ ಕಟ್ಟಲು ಕುಳಿತ ನನಗೆ, ಅಕ್ಷರ ಗಟ್ಟಿಯಾಗಿದೆ ಎಂಬ ಕಾರಣಕ್ಕೆ, ಪತ್ರಿಕೆ ಓದಿ ಹೇಳುವ ಕೆಲಸ ಬಿತ್ತು. ನಾನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ನನ್ನ ಪಾಲಿನ ಬೀಡಿಯನ್ನೂ ಕಟ್ಟಿಕೊಡುವುದು, ಇದು ಆಗಿನ ಕ್ರಮ. ಬೆಳಗ್ಗೆ ಒಂದು ಪಕ್ಷದ ಪತ್ರಿಕೆ, ಮಧ್ಯಾಹ್ನ ಇನ್ನೊಂದು ಪಕ್ಷದ್ದು. ಬೆಳಗ್ಗೆ ಮೆರವಣಿಗೆಯ ಮೇಲೆ ಪೊಲೀಸರು ಮೊದಲು ಲಾಠಿ ಎತ್ತಿರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೇ ಮೆರವಣಿಗೆಯವರು ಮೊದಲು ಕಲ್ಲೆಸೆದಿರುತ್ತಿದ್ದರು. ಎರಡನ್ನೂ ಒಂದೇ ಗಂಟಲಿನಿಂದ ಓದಿದವನಿಗೆ, ನಡೆದದ್ದೇನೆಂದು ತಾನೇ ಹೋಗಿ ನೋಡುವ ಚಟ ಹತ್ತುತ್ತದೆ. ಈಗ ಎಪ್ಪತ್ತು ದಾಟಿದೆ, ಚಟ ಬಿಟ್ಟಿಲ್ಲ.

ಟೀಚರ್ ಎಂದರೆ ನಿವೃತ್ತಿಯ ನಂತರ ನಮ್ಮ ಮನೆಯ ಸಮೀಪದಲ್ಲಿ ಅಡಿಕೆ ಸುಲಿಯುವ ಹಳೆಯ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಬೀದಿನಾಯಿಗಳನ್ನು ಅದರಲ್ಲಿಟ್ಟು ಸಾಕುತ್ತಿದ್ದ ಹೆಂಗಸು. ಗಾಯಗೊಂಡವನ್ನು ತರುವುದು, ಗುಣಪಡಿಸುವುದು, ಯಾರಾದರೂ ಒಪ್ಪಿದರೆ ಕೊಡುವುದು. ಊರಿನವರಿಗೆ ಇದು ಸಹಿಸಲಾಗಲಿಲ್ಲ. ಪಂಚಾಯತಿಗೆ ದೂರು ಬರೆದುಕೊಡು ಎಂದು ನನ್ನ ಬಳಿಗೇ ಬಂದರು. ಬರೆಯಲು ಬಲ್ಲವನು ಸುತ್ತಿನಲ್ಲಿ ನಾನೊಬ್ಬನೇ ಎಂದಲ್ಲ, ಪುಕ್ಕಟೆ ಬರೆಯುವವನು ನಾನೊಬ್ಬನೇ. ನಾಯಿಗಳು ಬೊಗಳುತ್ತವೆ, ಅವುಗಳ ಹೊಲಸು ಬಾವಿಗೆ ಇಳಿಯುತ್ತದೆ, ಒಂದಕ್ಕೆ ಹುಚ್ಚು ಹಿಡಿದಿದೆ ಎಂದು ಬರೆಯಬೇಕಿತ್ತು. ನಾನು ಹೋಗಿ ನೋಡಿಬಂದೆ. ಬೊಗಳುವುದು ನಿಜ. ಅಷ್ಟನ್ನೇ ಬರೆದುಕೊಟ್ಟೆ. ಮರುದಿನ ಹೋಟೆಲಿನಲ್ಲಿ ನನ್ನ ಓರಗೆಯವನೊಬ್ಬ ಆ ಹಾಳೆಯನ್ನು ಗಾಜಿನ ಲೋಟದ ಅಡಿಗೆ ಇಟ್ಟು ಚಾ ಕುಡಿಯುತ್ತಿದ್ದ.

"ಎಂತ ಮಾರಾಯ, ನೀನು ಯಾವಾಗ ನಾಯಿಗಳ ವಕೀಲ ಆದದ್ದು?"

"ಬಾವಿ ಮೇಲೆ ಉಂಟು, ಶೆಡ್ಡು ಕೆಳಗೆ ಉಂಟು. ಹೊಲಸು ಗುಡ್ಡ ಹತ್ತುತ್ತದಾ?"

"ಆಯ್ತು, ಆ ಕಂದು ನಾಯಿ ಮಗುವನ್ನು ಕಚ್ಚಿದ್ದು ಸುಳ್ಳಾ?"

"ಯಾರ ಮಗು?"

"ಯಾರದ್ದೋ. ಬದಿಯಡ್ಕದಲ್ಲಿ."

"ಮಗುವಿಗೆ ಅಪ್ಪ ಇಲ್ವಾ? ಮನೆ ಇಲ್ವಾ?"

"ನಿನಗೆ ಕಚ್ಚಬೇಕು. ಆಗ ಯಾರ ಮಗ ಅಂತ ವಿಳಾಸ ಸಮೇತ ಹೇಳ್ತೇವೆ."

ಎಲ್ಲರೂ ನಕ್ಕರು. ಅಂದಿನಿಂದ ನಾನು ಆ ಹೋಟೆಲಿಗೆ ಹೋದರೆ ಮೇಜು ಒರೆಸುವುದು ತಡವಾಗತೊಡಗಿತು. ನನಗೂ ಅವರ ಚಾ ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಬೇಸಗೆ ಮುಗಿಯುವ ಮೊದಲೇ ಶೆಡ್ಡಿನ ಯಜಮಾನ ಜಾಗ ಖಾಲಿ ಮಾಡಬೇಕೆಂದು ಹೇಳಿಬಿಟ್ಟ. ಊರಿನವರು ಅವನ ಕಿವಿ ಊದಿದ್ದರು. ಟೀಚರ್ ಅತ್ತು ಕರೆದು, ಬೇಡಿ, ಕಾಡಿ, ಒಂದೊಂದಾಗಿ ನಾಯಿಗಳನ್ನೆಲ್ಲ ಸಾಗಹಾಕಿದರು. ಉಳಿದದ್ದು ಆ ಕಂದು ಹೆಣ್ಣುನಾಯಿ ಮಾತ್ರ. ಶೆಡ್ಡಿನ ಮೂಲೆಯ ನೀಲಿ ನೀರಿನ ಡ್ರಮ್ಮಿನ ಹಿಂದೆ ಗೋಡೆಗೆ ಅಂಟಿಕೊಂಡು ಮಲಗುತ್ತಿತ್ತು. ಅನ್ನ ಇಟ್ಟು ಆಚೆ ಹೋದರೆ ತಿನ್ನುತ್ತಿತ್ತು, ನಿಂತರೆ ಇಲ್ಲ. ಸಂತಾನಹರಣದ ಶಸ್ತ್ರಕ್ರಿಯೆ ಆದದ್ದಕ್ಕೆ ಗುರುತಾಗಿ ಕಿವಿಯ ತುದಿ ಕತ್ತರಿಸಿದ್ದರು. ಯಾರೂ ತೆಗೆದುಕೊಳ್ಳದಿದ್ದರೆ ಅದನ್ನು ಹಿಡಿದ ಜಾಗದಲ್ಲಿಯೇ, ಎಂದರೆ ಪೇಟೆಯ ಬಸ್ ನಿಲ್ದಾಣದ ಹಿಂದೆ, ಮರಳಿ ಬಿಡಬೇಕು; ನಿಯಮ ಹಾಗೆ. ಆ ನಾಯಿ ಮತ್ತೆ ಅಲ್ಲಿ ಕಂಡರೆ ಮೀನಿನ ತಲೆಯೊಳಗೆ ವಿಷ ಇಟ್ಟು ಹಾಕುತ್ತೇವೆ ಎಂದು ಅಲ್ಲಿನ ಕೆಲವರು ಟೀಚರ ಮುಖಕ್ಕೇ ಹೇಳಿದ್ದರು. ಇದನ್ನೂ ನಾನು ಕೇಳಿ ನಂಬಲಿಲ್ಲ, ಹೋಗಿ ವಿಚಾರಿಸಿದೆ. ಇದು ನಿಜವಾಗಿತ್ತು. ಹೇಳಿದವನು ನನ್ನೆದುರೂ ಸಂಕೋಚವಿಲ್ಲದೆ ಹೇಳಿದ.

ಬದಿಯಡ್ಕದ ಒಬ್ಬ ವ್ಯಾಪಾರಿ ಅಡಿಕೆ ಒಣಹಾಕುವ ಅಂಗಳದ ಕಾವಲಿಗೆಂದು ಅದನ್ನು ಒಯ್ದ. ಮರುದಿನವೇ ತಂದು ಬಿಟ್ಟ. "ಬೊಗಳುವುದಿಲ್ಲ ಟೀಚರೇ. ಕಳ್ಳ ಬಂದರೆ ಇದೇ ಮೊದಲು ಓಡ್ತದೆ. ಅದರ ಹಿಂದೆ ನಾನು ಓಡಬೇಕಾದೀತು." ಟೀಚರ್ ಆಗ ತಮ್ಮ ಸಿದ್ಧಾಂತವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಯಾವನೋ ಗಂಡಸು ಹೊಡೆದು ಹೊಡೆದು ಅದನ್ನು ಹಾಳು ಮಾಡಿದ್ದಾನೆ. ಅದಕ್ಕೆ ಗಂಡಸರಿಲ್ಲದ ಮನೆಯೇ ಬೇಕು. ಅಂಥ ಮನೆಯನ್ನು ಹುಡುಕಿಯೂ ಹುಡುಕಿದರು: ಬಾಯಾರಿನ ಕಡೆ ತಾಯಿ, ಮಗಳು ಇಬ್ಬರೇ ಇರುವ ಮನೆ. ಅಲ್ಲಿ ಮೂರನೆಯ ದಿನ ಅದು ಸರಪಳಿಯ ಕೊಂಡಿ ಮುರಿದು ಓಡಿ ಮೋರಿಯೊಳಗೆ ಸೇರಿತು. ಹೊರಗೆಳೆಯಲು ಹೋದ ಟೀಚರ ಜೊತೆ ನಾನೂ ಹೋಗಿದ್ದೆ.

"ಓಡುವಾಗ ನೀವು ಎಂತ ಮಾಡ್ತಾ ಇದ್ರಿ?" ಎಂದು ಆ ತಾಯಿಯನ್ನು ಕೇಳಿದೆ.

"ಎಂತ ಮಾಡುವುದು? ಹೊದಿಕೆ ಒಗೆದಿದ್ದೆ. ಕೊಡವಿ ಒಣಗ್ಲಿಕ್ಕೆ ಬಳ್ಳಿಗೆ ಹಾಕ್ತಾ ಇದ್ದೆ."

"ಗಂಡಸರು ಯಾರಾದರೂ ಬಂದಿದ್ದರಾ?"

"ಈ ಮನೆಗೆ ಯಾವ ಗಂಡಸು ಬರ್ತಾನೆ ಅಣ್ಣ? ಕರೆಂಟ್ ಬಿಲ್ಲಿನವನೂ ಗೇಟಿನಿಂದಲೇ ಹೋಗ್ತಾನೆ."

ಆಟೋದಲ್ಲಿ ಹಿಂದಿರುಗುವಾಗ ನಾನು ಟೀಚರಿಗೆ ಹೇಳಿದೆ, ನಿಮ್ಮ ಕಥೆ ನಿಲ್ಲುವುದಿಲ್ಲ ಎಂದು. ರಸ್ತೆಯಲ್ಲಿ ಯಾರೋ ಗಂಡಸು ಹೋಗಿರಬೇಕು ಎಂದರು. ಕಂಡಿರಾ ಎಂದೆ. ಕಾಣಬೇಕೆಂದಿಲ್ಲ, ವಾಸನೆ ಸಾಕು ಎಂದರು. ನಾನೂ ಗಂಡಸೇ ಅಲ್ಲವೇ, ಈ ಆಟೋದಲ್ಲಿ ಅದರ ಪಕ್ಕದಲ್ಲಿಯೇ ಇದ್ದೇನಲ್ಲ ಎಂದೆ. "ನಿಮಗೆ ವಯಸ್ಸಾಯ್ತಲ್ಲ" ಎಂದರು.

ನಾನು ಶೆಡ್ಡಿನ ಮೆಟ್ಟಿಲಿನ ಮೇಲೆ ಕೂತು ನೋಡತೊಡಗಿದೆ. ಗ್ಯಾಸಿನ ಸಿಲಿಂಡರು ತಂದವನು ಪ್ಯಾಂಟು ಹಾಕಿದ ಎತ್ತರದ ಮನುಷ್ಯ. ಸಿಲಿಂಡರನ್ನು ನೆಲಕ್ಕೆ ದಡ್ಡೆಂದು ಕುಕ್ಕಿದ. ನಾಯಿ ಕತ್ತರಿಸಿದ ಕಿವಿಯನ್ನು ಸ್ವಲ್ಪ ಆಡಿಸಿತು, ಅಷ್ಟೆ. ಅವನ ಹಿಂದೆಯೇ ಶೆಡ್ಡಿನ ಯಜಮಾನ ಬಂದ, ಯಾವಾಗ ಬಿಡುತ್ತೀರಿ ಎಂದು ಕೇಳಲು. ನಮ್ಮ ಕಡೆಯ ಗಂಡಸರು ಪಂಚೆಯನ್ನು, ಎಂದರೆ ಮುಂಡನ್ನು, ಮಡಚುವ ರೀತಿಯೊಂದಿದೆ. ನಡೆಯುತ್ತಲೇ ಹಿಮ್ಮಡಿಯಿಂದ ಅಂಚನ್ನು ಹಿಂದಕ್ಕೆ ಚಿಮ್ಮಿಸಿ, ಬಟ್ಟೆ ಗಾಳಿಯಲ್ಲಿ ಬಿಚ್ಚಿಕೊಳ್ಳುವಾಗಲೇ ಕೈಯಲ್ಲಿ ಹಿಡಿದು, ಮೊಣಕಾಲಿನ ಮೇಲಕ್ಕೆ ಮಡಚಿ ಸೊಂಟಕ್ಕೆ ಸಿಕ್ಕಿಸುವುದು. ಎಳೆಯ ವಯಸ್ಸಿನಿಂದ ಬಂದ ಈ ಚಲನೆ ಮಾಡುವವನಿಗೇ ತಿಳಿಯದು. ಯಜಮಾನ ಬಾಗಿಲಲ್ಲಿ ನಿಂತು ಅಂಚನ್ನು ಚಿಮ್ಮಿಸಿದ. ಡ್ರಮ್ಮಿನ ಹಿಂದಿನಿಂದ ಸಿಮೆಂಟಿನ ಮೇಲೆ ಮೂತ್ರ ಹರಿದುಬಂತು.

ಗಂಡಸಲ್ಲ, ಬೀಸುವ ಬಟ್ಟೆ. ಹೊದಿಕೆ ಕೊಡವಿದ ಹೆಂಗಸಿಗೂ ಅದು ಹೆದರಿತ್ತು. ಈ ನಾಯಿಯನ್ನು ಹಿಡಿದದ್ದು ಹೇಗೆ ಎಂದು ಟೀಚರನ್ನು ಕೇಳಿದೆ.

"ಬಲೆ ಬೀಸಿ. ನಾಯಿ ಹಿಡಿಯುವ ತಂಡದವರು. ನಾನೇ ನೋಡಿದ್ದೇನಲ್ಲ."

"ನೋಡಿಯೂ ನೀವು ಗಂಡಸರ ಕಥೆ ಹೇಳಿದ್ದಾ?"

"ಬಲೆ ಬೀಸಿದ್ದು ಗಂಡಸರೇ ಅಲ್ವಾ?" ಎಂದರು.

ಬಲೆಯಿಂದಲೇ ಭಯ ಬಂತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅದೂ ನನ್ನ ಊಹೆ. ಬಟ್ಟೆ ಎಂಬುದು ಮಾತ್ರ ಕಣ್ಣಾರೆ ಕಂಡದ್ದು. ಪಂಚೆಯನ್ನು ಪಾದದವರೆಗೆ ಇಳಿಸಿಕೊಂಡು, ಅಂಚನ್ನು ಕಾಲಿನ ಅಡಿಗೆ ಒತ್ತಿ ಹಿಡಿದು ಕೂತರೆ, ನಾಯಿ ನನ್ನ ಚಪ್ಪಲಿಯವರೆಗೆ ಬಂದು ಮೂಸುತ್ತಿತ್ತು. ಆದರೆ ಇದನ್ನು ಕಂಡುಕೊಂಡದ್ದರಿಂದ ಕಷ್ಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಗಂಡಸರಿಲ್ಲದ ಮನೆ ಸಿಕ್ಕೀತು. ಪಂಚೆ ಮಡಚದ ಗಂಡಸಿನ ಮನೆ ಈ ಸೀಮೆಯಲ್ಲಿ ಎಲ್ಲಿದೆ? ನನ್ನ ಮನೆಯಲ್ಲಿ ಸಾಧ್ಯವಿರಲಿಲ್ಲ. ನಾನೂ ಇಬ್ಬರು ಗಂಡುಮಕ್ಕಳೂ ಪಂಚೆಯವರು. ಸೊಸೆಯಂದಿರು ಹೊತ್ತಾರೆಯಿಂದ ಬಟ್ಟೆ ಕೊಡವುವವರು. ಬುದ್ಧಿವಾದ ಹೇಳಿ ಅವರನ್ನು ತಿದ್ದಬಹುದೆಂಬ ಭ್ರಮೆ ನನಗಿಲ್ಲ. ನನ್ನ ಮಕ್ಕಳು ಅವರು.

ನನಗೆ ಗೊತ್ತಿದ್ದ ಅಂಥ ಮನೆ ಒಂದೇ, ನೆಕ್ರಾಜೆಯಲ್ಲಿ ನನ್ನ ತಮ್ಮನದು. ಅವನು ಬಹುಕಾಲ ಗಲ್ಫಿನಲ್ಲಿದ್ದು ಬಂದವನು. ಮೊಣಕಾಲು ಕಾಣುವ ಬರ್ಮುಡಾ ಚಡ್ಡಿಯ ಹೊರತು ಬೇರೇನೂ ಹಾಕುವುದಿಲ್ಲ. ಬಟ್ಟೆ ಒಗೆಯುವುದೂ ಒಣಗಿಸುವುದೂ ಯಂತ್ರ. ನಮ್ಮೊಳಗೆ ಮಾತಿರಲಿಲ್ಲ. ಅಮ್ಮನ ಉತ್ತರಕ್ರಿಯೆಯ ಊಟಕ್ಕೆ ಅವನು ವಿಮಾನದಿಂದ ಇಳಿದವನು ಆ ಚಡ್ಡಿಯಲ್ಲಿಯೇ ಬಂದಿದ್ದ. ಗಂಡಸಿನ ಹಾಗೆ ಉಟ್ಟು ಬಾ, ಇಲ್ಲವಾದರೆ ಅಂಗಳ ದಾಟಬೇಡ ಎಂದು ನೆಂಟರೆಲ್ಲರ ಎದುರು ಹೇಳಿದ್ದೆ. ಅವನು ಊಟ ಮಾಡದೆ ಹೋದ. ನಾನು ಹೇಳಿದ್ದು ಸರಿ ಎಂದೇ ಇಂದಿಗೂ ನನ್ನ ಅಭಿಪ್ರಾಯ.

ಮೋಡ ಕಟ್ಟತೊಡಗಿತ್ತು. ಶೆಡ್ಡಿನ ಯಜಮಾನ ಆಗಲೇ ಅಡಿಕೆಯ ಮೂಟೆಗಳನ್ನು ತಂದು ಬಾಗಿಲಿಗೆ ಒಟ್ಟಿದ್ದ. ನಾನು ಬಸ್ಸು ಹತ್ತಿ ನೆಕ್ರಾಜೆಗೆ ಹೋದೆ.

ಮನೆಯ ಮುಂದಿನ ಸಿಟೌಟಿನಲ್ಲಿ ಕೂತಿದ್ದ ತಮ್ಮ ಕುರ್ಚಿಯಿಂದ ಏಳಲಿಲ್ಲ. ಅವನ ಹೆಂಡತಿ "ಬನ್ನಿ ಭಾವ" ಎಂದು ಕರೆದು ಚಾ ಮಾಡಲು ಒಳಗೆ ಹೋದಳು.

"ದಾರಿ ತಪ್ಪಿತಾ ಅಣ್ಣ?" ಎಂದ.

ನಾಯಿಯ ವಿಷಯವನ್ನು ಮೊದಲಿನಿಂದ ಹೇಳಿದೆ: ಡ್ರಮ್ಮು, ಮೋರಿ, ಬೀಸುವ ಬಟ್ಟೆ, ಬಸ್ ನಿಲ್ದಾಣದಲ್ಲಿ ಕಾದಿರುವ ವಿಷ. ಅವನು ಕೇಳುತ್ತ ಕೇಳುತ್ತ ನಗತೊಡಗಿದ.

"ಹಾಗಾದರೆ ನನ್ನ ಚಡ್ಡಿ ಈಗ ನಿನಗೆ ಬೇಕಾಯ್ತು."

"ನನಗಲ್ಲ. ನಾಯಿಗೆ."

"ಮೊಣಕಾಲು ಕಾಣ್ತದೆ ಅಂತ ಅಷ್ಟು ಜನರೆದುರು ಹೇಳಿದವ ನೀನು. ನೋಡು, ಈಗ ಕಾಣುವುದು ಯಾರ ಮೊಣಕಾಲು?"

ನಾನು ಪಂಚೆ ಮಡಚಿಯೇ ಕೂತಿದ್ದೆ. ಅಣ್ಣನಾದವನು ತಮ್ಮನ ಮನೆಯಲ್ಲಿ ಇಳಿಸಬೇಕಿಲ್ಲ. ಕಿರಿಯನು ಹಿರಿಯನ ಎದುರು ಮಡಿಕೆ ಬಿಚ್ಚಿ ಪಂಚೆಯನ್ನು ಪಾದಕ್ಕೆ ಇಳಿಸುವುದು ನಮ್ಮ ಮರ್ಯಾದೆ. ಹಿರಿಯನು ಕಿರಿಯನೆದುರು ಇಳಿಸಿದರೆ ಅದು ಕಾಲಿಗೆ ಬಿದ್ದದ್ದಕ್ಕೆ ಸಮ.

ಅವನ ಹೆಂಡತಿ ಚಾ ತಂದಿಟ್ಟು ಕೇಳಿದಳು, "ಬೊಗಳ್ತದಾ ಭಾವ?"

"ಇಲ್ಲ."

"ಒಳ್ಳೆಯದಾಯ್ತು. ಬೊಗಳ್ಲಿಕ್ಕೆ ಇಲ್ಲಿ ಇವರು ಇದ್ದಾರೆ."

ತಮ್ಮನಿಗೆ ಈ ಮಾತು ನಾಟಲಿಲ್ಲ. ಅವನ ಕಣ್ಣು ನನ್ನ ಮೊಣಕಾಲಿನ ಮೇಲೆಯೇ ಇತ್ತು. "ನಾಯಿ ಇಲ್ಲಿ ಇರಲಿ," ಎಂದ. "ಆದರೆ ಆ ಗೇಟಿನ ಒಳಗೆ ಮುಂಡು ಮಡಚಿ ಯಾರೂ ಬರ್ಲಿಕ್ಕಿಲ್ಲ, ಮಡಚ್ಲಿಕ್ಕೂ ಇಲ್ಲ. ನೀನೇ ಹೇಳಿದ್ದಲ್ವಾ, ಅದಕ್ಕೆ ಹೆದರ್ತದೆ ಅಂತ. ಯಾರೂ ಅಂದರೆ ನೀನೂ."

"ನಾಯಿ ಈಗ ಇಲ್ಲಿ ಇಲ್ಲ."

"ಅಭ್ಯಾಸ ಆಗಬೇಕಲ್ಲ ಅಣ್ಣ. ಇವತ್ತೇ ಸುರು ಮಾಡು."

ಬಾಗಿಲ ಬಳಿ ಅವನ ಹೆಂಡತಿ ನಿಂತಿದ್ದಳು. ಗೇಟಿನಾಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದ. ಹಿಂದಿರುಗಿ ಹೋಗಿಬಿಡೋಣ ಎಂದುಕೊಂಡವನು, ಶೆಡ್ಡಿನ ಬಾಗಿಲಿಗೆ ಒಟ್ಟಿದ್ದ ಮೂಟೆಗಳನ್ನು ನೆನೆದೆ. ಎದ್ದುನಿಂತು ಮಡಿಕೆ ಬಿಚ್ಚಿದೆ. ಪಂಚೆ ಪಾದಕ್ಕೆ ಇಳಿಯಿತು. ತಮ್ಮ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ, ಕಾಲ ಮೇಲೆ ಕಾಲು ಹಾಕಿದ.

ಮರುದಿನ ಟೀಚರ್ ನಾಯಿಯನ್ನು ಅಲ್ಲಿಗೆ ಮುಟ್ಟಿಸಿದರು. ಗಂಡಸಿರುವ ಮನೆ ಎಂದು ದಾರಿಯುದ್ದಕ್ಕೂ ನನ್ನನ್ನು ಬೈದರು. ನಾಯಿ ಮೊದಲು ಸ್ಕೂಟರಿನ ಹಿಂದೆ ಅಡಗಿತು, ಆಮೇಲೆ ಒಗೆಯುವ ಯಂತ್ರದ ಹಿಂದೆ. ಮಳೆ ಹಿಡಿಯುವ ಹೊತ್ತಿಗೆ ಸಿಟೌಟಿಗೆ ಬಂತು. ಈಗ ತಮ್ಮನ ಕುರ್ಚಿಯ ಅಡಿಯಲ್ಲಿ ಮಲಗುತ್ತದೆ. ಅವನು ತನ್ನ ಬರಿಗಾಲಿನಿಂದ ಅದರ ಬೆನ್ನು ತಿಕ್ಕುತ್ತಾನೆ. ಬೊಗಳಿದ್ದನ್ನು ಇದುವರೆಗೆ ಯಾರೂ ಕೇಳಿಲ್ಲ.

ಊರಿನಲ್ಲಿ ಈಗ ಹೊಸ ಕಥೆಯೊಂದು ಓಡಾಡುತ್ತಿದೆ. ನಾನು ತಮ್ಮನ ಗಲ್ಫಿನ ಹಣಕ್ಕೆ ಆಸೆಪಟ್ಟು, ಈ ವಯಸ್ಸಿನಲ್ಲಿ ಅವನೆದುರು ಮುಂಡು ಇಳಿಸಿ ನಿಂತೆನಂತೆ. ಮೇಜು ತಡವಾಗಿ ಒರೆಸುವ ಆ ಹೋಟೆಲಿನಲ್ಲಿ ನನ್ನೆದುರೇ ಕೇಳಿದರು. ಪಂಚೆ ಇಳಿಸಿದ್ದು ನಿಜ ಎಂದೆ. ಉಳಿದದ್ದನ್ನು ಹೋಗಿ ನೋಡಿಬನ್ನಿ ಎಂದೆ. ಯಾರೂ ಹೋಗಲಿಲ್ಲ. ನೆಕ್ರಾಜೆಗೆ ಎರಡು ಬಸ್ಸು ಬದಲಿಸಬೇಕು.

ನಾನು ಮಾತ್ರ ಹೋಗುತ್ತೇನೆ, ಶನಿವಾರಗಳಲ್ಲಿ. ಗೇಟಿನ ಹೊರಗೆ, ನಾಯಿಗೆ ಕಾಣದ ಹಾಗೆ ಕಂಪೌಂಡಿನ ಮರೆಯಲ್ಲಿ ನಿಂತು ಮಡಿಕೆ ಬಿಚ್ಚುತ್ತೇನೆ. ಕೆಂಪು ಕೆಸರಿನ ದಾರಿಯಲ್ಲಿ ಅಂಚು ಒದ್ದೆಯಾಗಿ ಹಾಳಾಗುತ್ತದೆ. ಬಿಳಿಯ ಪಂಚೆ ಉಡುವುದನ್ನೇ ಬಿಟ್ಟಿದ್ದೇನೆ. ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಒಳಗೆ ನಡೆಯುವಾಗ ನಾಯಿ ಕುರ್ಚಿಯ ಅಡಿಯಿಂದ ಮೂತಿ ಹೊರಹಾಕಿ ನೋಡುತ್ತದೆ, ಆಮೇಲೆ ಎದ್ದು ಬಂದು ಚಪ್ಪಲಿ ಮೂಸುತ್ತದೆ. ತಮ್ಮ ಏಳುವುದಿಲ್ಲ.

"ಇನ್ನೂ ಸ್ವಲ್ಪ ಕೆಳಗೆ ಬಿಡು ಅಣ್ಣ," ಎನ್ನುತ್ತಾನೆ. "ಪಾದ ಕಾಣ್ತಾ ಉಂಟು."

ನಾನು ಬಿಡುತ್ತೇನೆ.